ಚೊಗರಿನ ಕಲೆ ಬಿದ್ದ ಟೆಂಟು

ಟೆಂಟು ಕೊಂಡವರು ನಮ್ಮ ಬಾವ. ನಾಲ್ಕು ಜನ ಮಲಗುವಂಥದ್ದು, ತಿಳಿ ಹಸಿರು ಬಣ್ಣದ್ದು. ಬೆಲೆ ಎಷ್ಟು ಅಂತ ಅಕ್ಕನಿಗೆ ಹೇಳಿರಲಿಲ್ಲ. ಆರು ತಿಂಗಳು ಅದು ಅಟ್ಟದ ಮೇಲೆ ಬಿದ್ದಿತ್ತು. ಭಾನುವಾರ ಬಂತು ಅಂದರೆ ಬಾವನ ಮಾತು ಒಂದೇ: "ಕುದುರೆಮುಖದ ಕಾಡಿನ ನಡುವೆ ಟೆಂಟ್ ಹಾಕಿ ಒಂದು ರಾತ್ರಿ ಮಲಗಬೇಕು ಕಣೋ."

ಹಾಗೆ ಮಲಗೋಕೆ ಆಗೋದಿಲ್ಲ ಅಂತ ನನಗೆ ಗೊತ್ತಿತ್ತು. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. 600 ಚದರ ಕಿಲೋಮೀಟರು ಕಾಡು, ಹುಲ್ಲುಗುಡ್ಡ. ಶಿಖರ ಹತ್ತಬೇಕು ಅಂದರೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಚೀಟಿ ಮಾಡಿಸಬೇಕು, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಇಳಿಯಬೇಕು. ಮೇಲೆ ಟೆಂಟು ಹಾಕುವ ಮಾತೇ ಇಲ್ಲ. ನಮ್ಮ ಶಿವಮೊಗ್ಗದ ಪಕ್ಕದ ಶೆಟ್ಟಿಹಳ್ಳಿ ಅಭಯಾರಣ್ಯ, ಆ ಕಡೆಯ ಭದ್ರಾ ಕಾಡು, ಎಲ್ಲಾ ಕಡೆ ಇದೇ ಕಥೆ. ಬಾವನಿಗೆ ಇದನ್ನೆಲ್ಲ ಹೇಳಿದೆ. ಮುಖ ಸಣ್ಣಗಾಯಿತು. "ಹಾಗಾದ್ರೆ ಈ ಟೆಂಟನ್ನ ಎಲ್ಲಿ ಹಾಕೋದು? ಟೆರೇಸ್ ಮೇಲಾ?"

ಜಾಗ ಇಲ್ಲದೆ ಏನಿಲ್ಲ. ಹಿನ್ನೀರಿನ ದಡದಲ್ಲಿ ಕ್ಯಾಂಪು ನಡೆಸುವವರಿದ್ದಾರೆ. ಅಂಗಳ ಬಿಟ್ಟುಕೊಡುವ ತೋಟದ ಮನೆಗಳಿವೆ. ಕಾಡಿನ ಒಳಗೇ ಮಲಗಬೇಕು ಅಂದರೆ ಸರ್ಕಾರದ್ದೇ ಪ್ರಕೃತಿ ಶಿಬಿರಗಳಿವೆ. ಮೂರು ರಾತ್ರಿ, ಮೂರು ಥರ ಅಂತ ಲೆಕ್ಕ ಹಾಕಿದೆವು. ಕಳೆದ ನವೆಂಬರ್ ಕೊನೆ ವಾರ ನಾನು, ಬಾವ, ಅಕ್ಕನ ಮಗ ಪುಟ್ಟ ಕಾರು ಹತ್ತಿದೆವು.

ನವೆಂಬರೇ ಯಾಕೆ ಅಂದರೆ, ಅದಕ್ಕೆ ಮುಂಚೆ ಹೋದರೆ ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚುತ್ತೆ, ತಡವಾಗಿ ಹೋದರೆ ಉಣುಗು, ಅಂದರೆ ಉಣ್ಣಿ, ಕಚ್ಚುತ್ತೆ. ನಡುವೆ ಸಿಗುವ ಸಣ್ಣ ಸಂದಿ ಇದು.

ಮೊದಲ ದಿನ: ಹೊನ್ನೇಮರಡು

ಶಿವಮೊಗ್ಗದಿಂದ ಸಾಗರದವರೆಗೆ ಹೇಳುವಂಥದ್ದೇನಿಲ್ಲ. ಆಯನೂರು, ಕುಂಸಿ, ಆನಂದಪುರ, ಎಲ್ಲ ನಮಗೆ ಬಾಯಿಪಾಠ. ಸಾಗರದಲ್ಲಿ ಇಡ್ಲಿ ತಿಂದು, ಎರಡು ಕಟ್ಟು ತೊಡೆದೇವು ತಗೊಂಡೆವು. ಒಂದು ಕಟ್ಟು ತಾಳಗುಪ್ಪಕ್ಕೆ ಹೋಗುವಷ್ಟರಲ್ಲಿ ಮುಗಿಯಿತು. ಕಾರಿಲ್ಲದವರು ರೈಲಿನಲ್ಲೇ ತಾಳಗುಪ್ಪದವರೆಗೆ ಬರಬಹುದು. ಹಳಿ ಮುಗಿಯುವುದೇ ಅಲ್ಲಿ.

ತಾಳಗುಪ್ಪದ ಅಂಗಡಿಯೊಂದರಲ್ಲಿ ಬೆಂಕಿಪೊಟ್ಟಣ, ಮೇಣದಬತ್ತಿ ಕೇಳಿದೆ. ಅಂಗಡಿಯವರು ಕಾರಿನ ಮೇಲಿನ ಗಂಟು ನೋಡಿ, "ಟೆಂಟನಾ?" ಅಂದರು. ಹೌದು ಅಂದೆ.

"ಈಗ ಅಡ್ಡಿಲ್ಲೆ. ಇನ್ನು ತಿಂಗಳು ಬಿಟ್ಟು ದರಕು ಬಿದ್ದ ಜಾಗದಲ್ಲಿ ಮಲಗ್ಬೇಡಿ ಮಾರಾಯ್ರೆ."

ದರಕು ಅಂದರೆ ತರಗೆಲೆ. ಅವರು ಹೇಳಿದ್ದು ಮಂಗನ ಕಾಯಿಲೆಯ ವಿಷಯ. ಈ ರೋಗ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ಅದಕ್ಕೇ ಇಂಗ್ಲಿಷಿನಲ್ಲೂ ಅದೇ ಊರಿನ ಹೆಸರು. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗು ಸುತ್ತಲಿನ ತರಗೆಲೆಗೆ ಇಳಿಯುತ್ತದೆ, ಅಲ್ಲಿಂದ ಮನುಷ್ಯರಿಗೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಜನ ಸತ್ತಿದ್ದು ನಮಗೆಲ್ಲ ನೆನಪಿದೆ. ಕಾಡಿಗೆ ಹೋಗುವವರಿಗೆ ಆಸ್ಪತ್ರೆಯಲ್ಲಿ ಡೇಪಾ ಎಣ್ಣೆ ಕೊಡ್ತಾರೆ, ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಲ್ಲಿ ಮೀಯಿರಿ, ಬಟ್ಟೆನೂ ಬಿಸಿನೀರಿಗೆ ಹಾಕಿ ಅಂತ ಹೇಳಿದರು. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕಂತೆ. ಬೆಂಕಿಪೊಟ್ಟಣಕ್ಕೆ ದುಡ್ಡು ಕೊಟ್ಟರೆ ಇಷ್ಟೆಲ್ಲ ಪುಕ್ಕಟೆ ಸಿಕ್ಕಿತು.

ಹೊನ್ನೇಮರಡು ಅಂದರೆ ಶರಾವತಿ ಹಿನ್ನೀರಿನ ದಂಡೆ. ದಾರಿ ಕೊನೆಗೆ ಕೆಂಪು ಮಣ್ಣಿನದ್ದಾಗಿ, ಆಮೇಲೆ ಇದ್ದಕ್ಕಿದ್ದಂತೆ ಮರಗಳ ಸಂದಿಯಲ್ಲಿ ನೀರು ಕಾಣಿಸುತ್ತದೆ. ಒಂದು ಸಲ ಕಂಡ ಮೇಲೆ ಎತ್ತ ತಿರುಗಿದರೂ ನೀರೇ. ಕ್ಯಾಂಪಿನವರಿಗೆ ಮೊದಲೇ ಫೋನು ಮಾಡಿ, ನಮ್ಮದೇ ಟೆಂಟು ತರ್ತೀವಿ ಅಂತ ಹೇಳಿದ್ದೆವು. ಹಾಗೆ ಹೇಳದೆ ಸುಮ್ನೆ ಹೋಗಿ ದಡದಲ್ಲಿ ಇಳಿಯುವ ಜಾಗ ಅಲ್ಲ ಅದು.

ಈಗ ಗೂಟದ ಕಥೆ. ಟೆಂಟಿನ ಜೊತೆ ಹನ್ನೆರಡು ಗೂಟ ಬಂದಿದ್ದವು. ಬೆರಳು ಗಾತ್ರದ ತಗಡಿನವು. ಬಾವ ಮೊದಲನೆಯದನ್ನು ನೆಲಕ್ಕಿಟ್ಟು ಸುತ್ತಿಗೆಯಲ್ಲಿ ಹೊಡೆದರು. ಅರ್ಧ ಇಂಚು ಹೋಯಿತು, ನಿಂತಿತು. ಇನ್ನೊಂದು ಏಟು. ಗೂಟ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಗ್ಗಿತು. ಎರಡನೆಯದೂ ಅಷ್ಟೇ. ಮೂರನೆಯದು ಹಾರಿ ನೀರಿಗೇ ಬಿತ್ತು. ದೋಣಿ ನೋಡಿಕೊಳ್ಳುವ ಹುಡುಗ ದೂರದಿಂದ ನೋಡುತ್ತಿದ್ದವನು ಹತ್ತಿರ ಬಂದ.

"ಸಾರ್, ಇದು ಜಂಬಿಟ್ಟಿಗೆ ನೆಲ. ಗೂಟ ಹೋಗಲ್ಲ."

ಅವನೇ ನಾಲ್ಕು ದೊಡ್ಡ ಕಲ್ಲು ತಂದ. ಹಗ್ಗವನ್ನು ಕಲ್ಲಿಗೆ ಎರಡು ಸುತ್ತು ಸುತ್ತಿ, ಕಲ್ಲಿನ ಮೇಲೊಂದು ಕಲ್ಲಿಟ್ಟ. ಹತ್ತು ನಿಮಿಷದಲ್ಲಿ ಟೆಂಟು ಡೋಲಿನ ಹಾಗೆ ಬಿಗಿಯಾಯಿತು. ಮಲೆನಾಡಿಗೆ ಟೆಂಟು ತರುವವರು ಗೂಟ ನಂಬಿಕೊಂಡು ಬರಬೇಡಿ. ಹಗ್ಗ ಜಾಸ್ತಿ ತನ್ನಿ.

ಸಂಜೆ ಹುಡುಗ ನಮ್ಮನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೋದ. ಲೈಫ್ ಜಾಕೆಟ್ ಹಾಕದೆ ಯಾರನ್ನೂ ನೀರಿಗೆ ಇಳಿಸುವುದಿಲ್ಲ, ಈಜು ಬರುತ್ತೆ ಅಂದರೂ. ನಡು ನೀರಿನಲ್ಲಿ ಹುಟ್ಟು ನಿಲ್ಲಿಸಿ ಕೆಳಗೆ ಕೈ ತೋರಿಸಿದ. "ನಮ್ಮಜ್ಜನ ಮನೆ ಇಲ್ಲೇ ಎಲ್ಲೋ ಕೆಳಗಿದೆಯಂತೆ. ತೋಟನೂ." ಲಿಂಗನಮಕ್ಕಿ ಆಣೆಕಟ್ಟು ಆಗಿದ್ದು 1964ರಲ್ಲಿ. ಅವನ ಅಪ್ಪನೇ ಆಗ ಹುಟ್ಟಿರಲಿಲ್ಲವಂತೆ. ಬೇಸಿಗೆಯಲ್ಲಿ ನೀರು ಇಳಿದಾಗ ಮರದ ಬೊಡ್ಡೆಗಳು ಸಾಲುಸಾಲಾಗಿ ಮೇಲೇಳುತ್ತವೆ, ಹಳೇ ರಸ್ತೆ ಕಾಣುತ್ತದೆ ಅಂದ. ಪುಟ್ಟ ನೀರಿನೊಳಗೆ ಬಗ್ಗಿ ನೋಡಿದ. ಮನೆ ಎಲ್ಲಿ ಕಾಣಬೇಕು, ಅವನ ಮುಖವೇ ಕಂಡಿತು.

ರಾತ್ರಿ ಮೂರು ಗಂಟೆಗೆ ಪುಟ್ಟ ಎಬ್ಬಿಸಿದ. "ಮಾಮ, ಮಳೆ!" ಹಣೆ ಮೇಲೆ ನನಗೂ ಹನಿ ಬಿತ್ತು. ಹೊರಗೆ ಬಂದು ನೋಡಿದರೆ ಆಕಾಶದ ತುಂಬ ನಕ್ಷತ್ರ! ಚಳಿಗೆ ಹೆದರಿ ಎಲ್ಲ ಜಿಪ್ಪನ್ನೂ ಮುಚ್ಚಿ ಮಲಗಿದ್ದೆವು. ಮೂರು ಜನರ ಉಸಿರೇ ಒಳಗಿನ ಬಟ್ಟೆಗೆ ಹತ್ತಿ ತೊಟ್ಟಿಕ್ಕುತ್ತಿತ್ತು. ಹೊರಗಡೆಯಿಂದ ಇಬ್ಬನಿ ಬೇರೆ. ಎರಡೂ ಕಡೆ ಒಂದೊಂದು ಗೇಣು ತೆರೆದಿಟ್ಟು ಮಲಗಿದ ಮೇಲೆ ಹನಿ ನಿಂತಿತು, ನಡುಕ ಶುರುವಾಯಿತು.

ಎರಡನೇ ದಿನ: ಸೇತುವೆ ದಾಟಿ ನಿಟ್ಟೂರಿನ ಕಡೆಗೆ

ಸಾಗರಕ್ಕೆ ವಾಪಸ್ ಬಂದು ಹೊಳೆಬಾಗಿಲಿನ ದಾರಿ ಹಿಡಿದೆವು. ಸಿಗಂದೂರಿಗೆ ಹೋದವರಿಗೆಲ್ಲ ಅಲ್ಲಿನ ಲಾಂಚು ಗೊತ್ತು. ಕಾರು, ಬಸ್ಸು, ಬೈಕು, ಜನ, ಎಲ್ಲರೂ ಒಂದೇ ಕಬ್ಬಿಣದ ತಟ್ಟೆಯ ಮೇಲೆ. ಸಂಜೆಯ ಕೊನೆ ಲಾಂಚು ತಪ್ಪಿದರೆ ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ ಉಳಿಯಬೇಕಿತ್ತು. 2025ರ ಜುಲೈನಲ್ಲಿ ಹಿನ್ನೀರಿನ ಮೇಲಿನ ಸೇತುವೆ ಓಡಾಟಕ್ಕೆ ತೆರೆಯಿತು. ಸುಮಾರು 2.4 ಕಿಲೋಮೀಟರು ಉದ್ದ, ನಡುವೆ ಕೇಬಲ್ಲಿನಲ್ಲಿ ತೂಗು ಹಾಕಿದ್ದು. ಆಚೆ ದಡದ ತುಮರಿ ಕಡೆಯ ಜನ ಆಣೆಕಟ್ಟು ಆದಾಗಿನಿಂದ, ಅಂದರೆ ಅರವತ್ತು ವರ್ಷ, ಇದಕ್ಕೆ ಕಾದಿದ್ದರು. ನಮಗೆ ದಾಟೋಕೆ ಮೂರು ನಿಮಿಷ ಸಾಕಾಯಿತು.

ಸೇತುವೆಯ ಆಚೆ ತುದಿಯಲ್ಲಿ ಸೌತೆಕಾಯಿ ಹೆಚ್ಚಿ ಉಪ್ಪು ಖಾರ ಹಾಕಿ ಮಾರುತ್ತಿದ್ದ ಅಮ್ಮನನ್ನು ಬಾವ ಕೇಳಿದರು: "ಲಾಂಚ್ ಇದ್ದಾಗ ಚೆನ್ನಾಗಿತ್ತು ಅಲ್ವಾ ಅಮ್ಮ?"

"ನಿಮಗೆ ಚಂದ ಇತ್ತು. ಹೆರಿಗೆಗೆ ಹೋಗೋರಿಗೆ ಇತ್ತನಾ?"

ಬಾವ ಇನ್ನೊಂದು ಸೌತೆಕಾಯಿ ತಗೊಂಡರು.

ಅಲ್ಲಿಂದ ನಿಟ್ಟೂರಿನ ಕಡೆಗೆ ರಸ್ತೆ ಸಣ್ಣದು, ತಿರುವು ಜಾಸ್ತಿ. ಎದುರಿಗೆ ಬಸ್ಸು ಬಂದರೆ ಯಾರಾದರೂ ಹಿಂದೆ ಹೋಗಲೇಬೇಕು, ಮತ್ತು ಅದು ಬಸ್ಸಂತೂ ಅಲ್ಲ. ಬಲಕ್ಕೆ ಆಗಾಗ ಕೊಡಚಾದ್ರಿ ತಲೆ ಎತ್ತುತ್ತಿತ್ತು. 1343 ಮೀಟರಿನ ಗುಡ್ಡ, ನೆತ್ತಿಗೆ ಮೋಡ ಸುತ್ತಿಕೊಂಡಿತ್ತು.

ಆ ರಾತ್ರಿ ನಮಗೆ ಅಂಗಳ ಕೊಡಲು ಒಪ್ಪಿದ್ದವರು ಅಡಿಕೆ ತೋಟದ ಗೌಡ್ರು. ಮನೆ ಮುಂದೆ ನಿಂತಾಗಲೇ ಗೊತ್ತಾಯಿತು, ನಾವು ಸರಿಯಾದ ಹೊತ್ತಿಗೆ ಬಂದಿಲ್ಲ. ಅಡಿಕೆ ಕೊಯ್ಲು ಭರದಲ್ಲಿತ್ತು. ಕಾಲಿಡಲು ಜಾಗ ಇಲ್ಲದ ಹಾಗೆ ಅಡಿಕೆ ಗೊನೆಗಳು. ಒಂದು ಮೂಲೆಯಲ್ಲಿ ಹಂಡೆ ಕುದಿಯುತ್ತಿತ್ತು. ಬೇಯಿಸಿದ ಅಡಿಕೆ ಚಪ್ಪರದ ಮೇಲೂ, ಅಂಗಳದ ತಟ್ಟಿಗಳ ಮೇಲೂ ಹರಡಿತ್ತು. ಒದ್ದೆ ಇಟ್ಟಿಗೆಯ ಬಣ್ಣ. ಮೂಗಿಗೆ ಒಗರು ಒಗರಾದ ಹಬೆ.

"ಟೆಂಟು ಯಾಕೆ, ಜಗಲಿ ಮೇಲೆ ಮಲಗಿ" ಅಂದರು ಗೌಡ್ರು. ಬಾವ ಒಪ್ಪಲಿಲ್ಲ. "ಸರಿ, ಕೊಟ್ಟಿಗೆ ಪಕ್ಕ ಹಾಕಿ. ಕೊಡಚಾದ್ರಿ ಮೇಲೆ ಈಗ ಟೆಂಟ್ ಹಾಕೋಕೆ ಬಿಡಲ್ಲ ಅಂತ ಹುಡುಗ್ರು ಇಲ್ಲಿಗೇ ಬರ್ತಾರೆ. ನಮ್ಮ ದನಗಳಿಗೆ ರೂಢಿ ಆಗಿದೆ."

ಊಟ ಎಂಥದ್ದು ಅಂತೀರಿ! ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಕೆಸುವಿನ ದಂಟಿನ ಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿಯನ್ನು ಕಚ್ಚಿದರೆ ಸೊನೆಯ ವಾಸನೆ ಮೂಗಿಗೆ ಏರಬೇಕು, ಏರಿತು. ಪುಟ್ಟ ಮೂರು ಸಲ ತಂಬುಳಿ ಕುಡಿದ. ಮನೇಲಿ ಮಾಡಿದರೆ ಮುಟ್ಟುವವನಲ್ಲ.

ಊಟದ ಮೇಲೆ ಅಂಗಳದ ಬಲ್ಬಿನ ಕೆಳಗೆ ಸುಲಿಯುವ ಕೆಲಸ ಮತ್ತೆ ಶುರುವಾಯಿತು. ಎಂಟು ಹತ್ತು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿದ್ದರು. ಅಡಿಕೆ ಕತ್ತಿಗೆ ತಾಗುತ್ತದೆ, ಸಿಪ್ಪೆ ಎರಡು ಹೋಳಾಗಿ ಬೀಳುತ್ತದೆ, ಒಳಗಿನ ಅಡಿಕೆ ಡಬ್ಬಕ್ಕೆ ಹೋಗುತ್ತದೆ. ನೋಡುವುದರೊಳಗೆ ಮುಂದಿನದು. ಯಂತ್ರ ಬಂದಿದೆ, ಆದರೂ ಕೈಯಲ್ಲಿ ಸುಲಿದಷ್ಟು ಚೊಕ್ಕ ಆಗಲ್ಲ ಅಂತ ಗೌಡ್ರ ಹೆಂಡತಿ ಹೇಳಿದರು. ಕೂಲಿ ಡಬ್ಬದ ಲೆಕ್ಕ. ಬಾವ ತಾವೂ ಕೂತರು. ಇಪ್ಪತ್ತು ನಿಮಿಷಕ್ಕೆ ಹನ್ನೊಂದು ಅಡಿಕೆ ಸುಲಿದರು. ಪಕ್ಕದ ಅಜ್ಜಿ ಅವನ್ನು ಎಣಿಸಿ, "ಇವ್ರಿಗೆ ಎಷ್ಟು ಕೊಡ್ತಿ ಗೌಡಾ?" ಅಂದಾಗ ಅಂಗಳ ಪೂರ್ತಿ ನಕ್ಕಿತು.

ಹನ್ನೆರಡು ದಾಟಿರಬೇಕು. ಟೆಂಟಿನ ಮೇಲೆ ಟಪ್ ಅಂತು. ಮತ್ತೆ ಟಪ್. ನಾನು ಮಗ್ಗುಲಾಗಿ, "ಇಬ್ಬನಿ ಪುಟ್ಟ, ಮಲಗು" ಅಂದೆ. ಅಷ್ಟರಲ್ಲಿ ಗೌಡ್ರ ಕೂಗು ಕೇಳಿತು. "ಹೋಯ್, ಎದ್ದೇಳಿ! ಮಳೆ!"

ಅಕಾಲದ ಮಳೆ. ಮನೆಯವರೆಲ್ಲ ಅಂಗಳಕ್ಕೆ ಬಿದ್ದರು. ಐದಾರು ದಿನ ಬಿಸಿಲು ಕಂಡು ಒಣಗುತ್ತ ಬಂದ ಅಡಿಕೆ ನೆನೆದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಹೋಗುತ್ತದೆ, ಮಂಡಿಯಲ್ಲಿ ಕೇಳುವವರಿಲ್ಲ. ಚಪ್ಪರಕ್ಕೆ ಟಾರ್ಪಾಲು ಎಳೆದಾಯಿತು. ತಟ್ಟಿಗಳನ್ನು ಇಬ್ಬಿಬ್ಬರು ಹಿಡಿದು ಜಗಲಿಗೆ ಸಾಗಿಸಿದೆವು. ಕತ್ತಲಲ್ಲಿ ಯಾರ ಕಾಲಿಗೆ ಯಾರು ಎಡವಿದೆವೋ ಗೊತ್ತಿಲ್ಲ. ಆದರೂ ಅಂಗಳದ ಕೊನೆಯ ಒಂದು ರಾಶಿ ಉಳಿದೇ ಹೋಯಿತು. ಇನ್ನೊಂದು ಟಾರ್ಪಾಲು ಗದ್ದೆಯಲ್ಲಿ ಹುಲ್ಲಿನ ಮೇಲಿತ್ತು.

ಆಗ ಬಾವ ಮಾಡಿದ ಕೆಲಸ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಮಾತೂ ಆಡದೆ ಟೆಂಟಿನ ಹತ್ತಿರ ಓಡಿದರು. ಮೇಲಿನ ಹೊದಿಕೆಯ ಕೊಂಡಿಗಳನ್ನು ಪಟಪಟ ಬಿಚ್ಚಿದರು. ಕೊಡವಿ, ತಂದು, ಆ ರಾಶಿಯ ಮೇಲೆ ಹೊದೆಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದರು. ಹೊನ್ನೇಮರಡಿನ ಪಾಠ.

ಮುಕ್ಕಾಲು ಗಂಟೆ ಸುರಿದು ಮಳೆ ನಿಂತಿತು. ಟೆಂಟಿನೊಳಗೆ ಕೆರೆಯಾಗಿತ್ತು. ಕೊನೆಗೆ ನಾವು ಮೂವರೂ ಜಗಲಿಯಲ್ಲೇ ಮಲಗಿದೆವು, ಎರಡು ಅಡಿಕೆ ತಟ್ಟಿಗಳ ನಡುವೆ.

ಮೂರನೇ ದಿನ: ಭಗವತಿ

ಬೆಳಿಗ್ಗೆ ರಾಶಿಯ ಮೇಲಿಂದ ಹೊದಿಕೆ ಎತ್ತಿದರೆ ಅಡಿಕೆ ಒಣಗೇ ಇತ್ತು. ಹೊದಿಕೆಯ ಒಳಮೈ ಮಾತ್ರ ಕೆಂಪು ಕಂದಾಗಿತ್ತು. ಚೊಗರು. ಅಡಿಕೆ ಬೇಯಿಸಿದ ನೀರಿನ ಆ ಬಣ್ಣ ಒಂದು ಸಲ ಹತ್ತಿದರೆ ಹೋಗಲ್ಲ. ಗೌಡ್ರ ಹೆಂಡತಿ ಪೇಚಾಡಿಕೊಂಡರು. ಸೋಪು ತಂದರು, ಹುಣಸೆಹಣ್ಣು ತಂದರು. ಏನೂ ಆಗಲಿಲ್ಲ. ರಾತ್ರಿಯ ಬಾಡಿಗೆ ಅಂತ ಕೊಟ್ಟ ದುಡ್ಡನ್ನು ಗೌಡ್ರು ಮುಟ್ಟಲಿಲ್ಲ. ಮೇಲೆ ಒಂದು ಬಾಟಲಿ ಅಪ್ಪೆಮಿಡಿ ಕಾರಿಗೆ ಬಂತು.

ಆ ದಿನ ಬರೀ ರಸ್ತೆ. ನಗರ, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ. ಬಿದನೂರು ಕೋಟೆಯನ್ನು ಕಾರಿನಿಂದಲೇ ನೋಡಿದೆವು, ತಪ್ಪು ಅಂತ ಗೊತ್ತು. ಆಗುಂಬೆಯಲ್ಲಿ ಕಷಾಯ ಕುಡಿಯಲು ನಿಂತೆವು. ಮಂಜು ಎಷ್ಟಿತ್ತು ಅಂದರೆ ರಸ್ತೆಯಾಚೆಯ ಹಸು ಕಾಣುತ್ತಿರಲಿಲ್ಲ, ಗಂಟೆ ಮಾತ್ರ ಕೇಳುತ್ತಿತ್ತು. ಶೃಂಗೇರಿ ದಾಟಿ ಕೆರೆಕಟ್ಟೆಯ ಕಡೆ ಹೊರಟ ಮೇಲೆ ಕಾಡು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗಿತು.

ಚೆಕ್‌ಪೋಸ್ಟಿನಲ್ಲಿ ನಮಗೊಂದು ಪೇಚಾಯಿತು. ಚೀಟಿಯಲ್ಲಿ ಹೊತ್ತು ಬರೆದುಕೊಟ್ಟು, ನಡುವೆ ಎಲ್ಲೂ ನಿಲ್ಲಿಸಬೇಡಿ ಅಂದ ಗಾರ್ಡು ಡಿಕ್ಕಿ ತೆಗೆಸಿದರು. ಪ್ಲಾಸ್ಟಿಕ್ಕು, ಬಾಟಲಿ ನೋಡುವುದಕ್ಕೆ. ಮೇಲೇ ಇತ್ತು ಆ ಹೊದಿಕೆಯ ಗಂಟು. ಒದ್ದೆ, ಒಣಗಿದ ರಕ್ತದ ಬಣ್ಣ. ಗಾರ್ಡಿನ ಮುಖ ಬದಲಾಯಿತು.

"ಎಂತ ಇದು?"

"ಚೊಗರು ಸಾರ್" ಅಂದರು ಬಾವ. ದನಿ ಯಾಕೋ ಕಳ್ಳನ ಹಾಗೆ ಬಂತು. ಗಾರ್ಡು ಬಗ್ಗಿ ಮೂಸಿದರು. ಮತ್ತೊಮ್ಮೆ ಮೂಸಿದರು. "ಹೌದು ಮಾರಾಯ್ರೆ, ಅಡಿಕೆ. ನಿನ್ನೆ ನಮ್ಮನೇಲೂ ನೆನೀತು." ಆಮೇಲೆ ಐದು ನಿಮಿಷ ಅಡಿಕೆ ರೇಟಿನ ಮಾತಾಯಿತು. ಹಿಂದೆ ನಿಂತ ಕಾರಿನವರು ಹಾರ್ನು ಹೊಡೆದರು.

ಭಗವತಿ ಪ್ರಕೃತಿ ಶಿಬಿರ ಕಾಡಿನ ಒಳಗೇ ಇದೆ, ಭದ್ರೆಯ ದಡದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲ ಅಲ್ಲೇ ಹತ್ತಿರದ ಗುಡ್ಡ. ಹೊಳೆ ಇನ್ನೂ ಮಗು, ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಇಲ್ಲಿ ನಮ್ಮ ಟೆಂಟು ಬಿಚ್ಚುವ ಹಾಗಿಲ್ಲ. ಇಲಾಖೆಯವರೇ ಹಾಕಿರುವ ಟೆಂಟು, ಒಳಗೆ ಮಂಚ. ಮೊಬೈಲು ಸತ್ತ ಹಾಗೆ. ಮೊದಲೇ ಬುಕ್ ಮಾಡಿಲ್ಲದಿದ್ದರೆ ಕತ್ತಲಾಗುವ ಹೊತ್ತಿಗೆ ಹೋಗಿ ಕೇಳುವ ಜಾಗ ಅಲ್ಲ. ನಾವು ತಿಂಗಳ ಹಿಂದೆ ಮಾಡಿದ್ದಕ್ಕೆ ಸಿಕ್ಕಿತು.

ಮಂಚ ನೋಡಿ ಬಾವನಿಗೆ ಅಸಮಾಧಾನ. "ಇದು ಟೆಂಟಾ? ಲಾಡ್ಜು." ಊಟ ಮಾಡಿ ಮಲಗಿದ ಐದೇ ನಿಮಿಷಕ್ಕೆ ಗೊರಕೆ ಕೇಳಿತು.

ನನಗೆ ನಿದ್ದೆ ಬರಲಿಲ್ಲ. ಹೊಳೆ ಸದ್ದು, ಜೀರುಂಡೆ ಸದ್ದು. ಒಮ್ಮೆ ಎದುರು ಗುಡ್ಡದಿಂದ ಕಡವೆ ಕೂಗಿತು. ಒಂದೇ ಕೂಗು, ತುಂಬಿದ ಕೊಡಕ್ಕೆ ಹೊಡೆದ ಹಾಗೆ. ಎಲ್ಲ ಜೀರುಂಡೆಗಳೂ ಗಪ್ಪಾದವು. ಅರ್ಧ ನಿಮಿಷ ಹೊಳೆ ಒಂದೇ ಮಾತಾಡಿತು. ನಾನು ಮೆಲ್ಲಗೆ ಟೆಂಟಿನ ಬಾಗಿಲು ಇನ್ನಷ್ಟು ಬಿಗಿ ಮಾಡಿದೆ. ಕಾಡಿನ ನಡುವೆ ನಮ್ಮ ಹಸಿರು ಬಟ್ಟೆಯೊಳಗೆ ಮೂವರೇ ಇದ್ದಿದ್ದರೆ ಅಂತ ಒಮ್ಮೆ ನೆನೆಸಿಕೊಂಡೆ. ಬಾವನ ಗೊರಕೆ ಆಗ ಎಷ್ಟು ಹಿತವಾಗಿತ್ತು ಅಂದರೆ!

ನಾಲ್ಕನೇ ದಿನ: ಮನೆ

ಬೆಳಿಗ್ಗೆ ಶಿಬಿರದ ವಾಚರ್ ಒಬ್ಬರು ಚಹಾ ಹಿಡಿದು ಹೊಳೆ ದಂಡೆಯಲ್ಲಿ ಕೂತಿದ್ದರು. ಗುಡ್ಡದ ಮೇಲೆ ಟೆಂಟು ಹಾಕಲು ಯಾಕೆ ಬಿಡುವುದಿಲ್ಲ ಅಂತ ಬಾವ ಕೇಳಿಯೇ ಬಿಟ್ಟರು. ಹುಲಿ, ಕಾಟಿ ಅಂತ ಏನೋ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಎದುರಿನ ಬೋಳುಗುಡ್ಡ ತೋರಿಸಿದರು. "ಈ ಹುಲ್ಲು ಜನವರಿ ಕಳೆದ್ರೆ ಒಣಗಿ ಕರ್ಪೂರ ಆಗ್ತದೆ. ಟೆಂಟು ಹಾಕಿದೋರು ಒಲೆ ಹಚ್ಚದೆ ಇರ್ತಾರಾ? ಒಂದು ಬೀಡಿ ಸಾಕು. ಆಮೇಲೆ ಸೊಪ್ಪು ಹಿಡ್ಕೊಂಡು ರಾತ್ರಿಯೆಲ್ಲ ಬಡಿಯೋರು ನಾವು." ಅಂಗೈ ತೋರಿಸಿದರು. ಹಳೇ ಸುಟ್ಟ ಗಾಯ, ನುಣ್ಣಗೆ ಹೊಳೆಯುತ್ತಿತ್ತು. ಬಾವ ಮತ್ತೇನೂ ಕೇಳಲಿಲ್ಲ.

ಹೊರಡುವಾಗ ತಲೆ ಮೇಲೆ ಮಂಗಟ್ಟೆಯ ಜೋಡಿ ಹಾರಿಹೋಯಿತು. ರೆಕ್ಕೆಯ ಸದ್ದು ಯಾರೋ ಚಾಪೆ ಬೀಸಿದ ಹಾಗೆ. ಕುದುರೆಮುಖ ಟೌನ್‌ಶಿಪ್ಪಿನಲ್ಲಿ ಸಾಲು ಸಾಲು ಮನೆ, ಜನ ಕಡಿಮೆ. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಊರು ಖಾಲಿಯಾಗಿದೆ. ಒಂದು ಕ್ವಾರ್ಟರ್ಸಿನ ಕಿಟಕಿಯಿಂದ ಬಳ್ಳಿಯೊಂದು ಹೊರಗೆ ಬಂದು, ಗೋಡೆ ಹತ್ತಿ, ಇನ್ನೊಂದು ಕಿಟಕಿಯಿಂದ ಒಳಗೆ ಹೋಗಿತ್ತು.

ಕಳಸದಲ್ಲಿ ದೇವಸ್ಥಾನ, ಊಟ, ಕಾಫಿಪುಡಿ. ಬಾಳೆಹೊನ್ನೂರು, ಎನ್.ಆರ್.ಪುರ. ಉಂಬ್ಳೇಬೈಲಿನ ಬೋರ್ಡು ನೋಡಿ, ಊರಿನ ಹೆಸರಲ್ಲೇ ಉಂಬಳ, ಅಂದರೆ ಇಂಬಳ, ಇದೆ ಅಂತ ಪುಟ್ಟ ನಕ್ಕ. ನಗು ನಿಲ್ಲಿಸಿ ಕಾಲು ಕೆರೆದುಕೊಂಡ. ಕಾಲ್ಚೀಲ ಬಿಚ್ಚಿದರೆ ಅಲ್ಲೊಂದು ಇಂಬಳ, ಹೊಟ್ಟೆ ತುಂಬಿ ದ್ರಾಕ್ಷಿಯಷ್ಟಾಗಿತ್ತು. ಭಗವತಿಯಿಂದ ಪುಕ್ಕಟೆ ಬಂದಿದ್ದ ನಾಲ್ಕನೇ ಪ್ರಯಾಣಿಕ.

ಮಾರನೆಯ ದಿನ ಟೆಂಟನ್ನು ಟೆರೇಸಿನ ಮೇಲೆ ಒಣಗಲು ಹರಡಿದೆವು. ಒದ್ದೆ ಮಡಚಿಟ್ಟರೆ ವಾರದಲ್ಲಿ ಬೂಷ್ಟು ಬರುತ್ತದೆ, ಅಡಿಕೆಯ ಹಾಗೇ. ಅಕ್ಕ ಬಟ್ಟೆ ತೆಗೆಯಲು ಮೇಲೆ ಬಂದವಳು ಆ ಕಲೆ ನೋಡಿ ನಿಂತಳು. ಕೈಯಲ್ಲಿ ಉಜ್ಜಿದಳು. ಮೂಸಿದಳು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ನೋಡಿದಳು.

"ಬಟ್ಟೆ ಭಾರೀ ಚೆನ್ನಾಗಿದೆಯಲ್ರೀ. ಎಷ್ಟು ಕೊಟ್ರಿ ಇದಕ್ಕೆ?"

ಬಾವನಿಗೆ ಆಗಲೇ ನೆನಪಾಯಿತು, ಕಾರು ತೊಳೆಯಬೇಕಿತ್ತಂತೆ. ಎರಡೆರಡು ಮೆಟ್ಟಿಲು ಇಳಿದು ಹೋದರು.